ಎರಡು ವಿದ್ಯಾಪೀಠ, ಒಬ್ಬನೇ ಗುರು

ವೈದ್ಯವಿದ್ಯೆಗೆ ಎರಡು ನೆಲೆಗಳುಂಟು. ಗ್ರಂಥಭಂಡಾರ, ಪ್ರಯೋಗಾಲಯಗಳಿಂದ ಕೂಡಿದ ವಿಶ್ವವಿದ್ಯಾಲಯ ಒಂದು. ರೋಗಿಯು ಮಲಗಿರುವ ಹಾಸಿಗೆಯ ಪಕ್ಕ ಇನ್ನೊಂದು. ಇವೆರಡೂ ಒಂದೇ ಊರಿನಲ್ಲಿದ್ದರೆ ವಿದ್ಯೆ ಬೇಗ ಫಲಿಸುತ್ತದೆ. ಆದರೆ ಮಲೇರಿಯಾದಂತಹ ರೋಗಗಳ ವಿಷಯದಲ್ಲಿ ದೀರ್ಘಕಾಲ ಹಾಗಿರಲಿಲ್ಲ. ರೋಗಿಗಳು ಏಷ್ಯಾ ಮತ್ತು ಆಫ್ರಿಕಾಗಳಲ್ಲಿ. ಸಂಶೋಧನೆಯ ಹಣ ಹಾಗೂ ಸಲಕರಣೆಗಳು ಬಹುಪಾಲು ಯುರೋಪು, ಅಮೆರಿಕಾಗಳಲ್ಲಿ. ಈ ದೂರವನ್ನು ಕಡಿಮೆ ಮಾಡಿದ ಉಪಾಯಗಳಲ್ಲಿ ಒಂದು, ಜಂಟಿ ಪ್ರಾಧ್ಯಾಪಕ ಹುದ್ದೆ. ಕೇಳಲು ಇದು ಕಚೇರಿಯ ಕಡತಕ್ಕೆ ಸೇರಿದ ಸಂಗತಿಯಂತೆ ತೋರಬಹುದು. ಆದರೆ ಇದರಿಂದ ಉಳಿದ ಪ್ರಾಣಗಳು ಬಹಳ ಎಂಬುದನ್ನು ಓದುಗರ ಗಮನಕ್ಕೆ ತರಲು ನಾವು ಬಯಸುತ್ತೇವೆ.

ಜಂಟಿ ಹುದ್ದೆಯೆಂದರೆ ಒಬ್ಬ ವೈದ್ಯನು ಏಕಕಾಲಕ್ಕೆ ಎರಡು ವಿದ್ಯಾಪೀಠಗಳ ಅಧ್ಯಾಪಕನಾಗಿರುವುದು. ಆತ ಅತಿಥಿಯಾಗಿ ಬಂದು ಉಪನ್ಯಾಸ ನೀಡಿ ಮರಳುವವನಲ್ಲ. ಎರಡೂ ಕಡೆಯ ವಿದ್ಯಾರ್ಥಿಗಳಿಗೆ ಆತ ಮಾರ್ಗದರ್ಶಿ. ಎರಡೂ ಸಂಸ್ಥೆಗಳಿಗೆ ಉತ್ತರದಾಯಿ.

ಥಾಯ್ಲೆಂಡಿನ ರಾಜಧಾನಿ ಬ್ಯಾಂಕಾಕಿನ ನಿದರ್ಶನವನ್ನು ನೋಡೋಣ. ಅಲ್ಲಿಯ ಮಹಿದೋಲ್ ವಿಶ್ವವಿದ್ಯಾಲಯದಲ್ಲಿ ಉಷ್ಣವಲಯದ ರೋಗಗಳಿಗೆಂದೇ ಮೀಸಲಾದ ಒಂದು ವಿಭಾಗವಿದೆ. 1979ರಲ್ಲಿ ಈ ವಿಭಾಗವೂ ಇಂಗ್ಲೆಂಡಿನ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯವೂ ಕೂಡಿ, ವೆಲ್‌ಕಮ್ ಟ್ರಸ್ಟಿನ ನೆರವಿನಿಂದ ಒಂದು ಸಂಶೋಧನಾ ಘಟಕವನ್ನು ತೆರೆದವು. ಅದನ್ನು ಕಟ್ಟಿದವರು ಡೇವಿಡ್ ವಾರೆಲ್. ಮರುವರ್ಷ ಅಲ್ಲಿಗೆ ಬಂದ ನಿಕೋಲಸ್ ವೈಟ್ ಥಾಯ್ಲೆಂಡಿನಲ್ಲೇ ನೆಲೆ ನಿಂತು, ಕಾಲಾಂತರದಲ್ಲಿ ಮಹಿದೋಲ್ ಮತ್ತು ಆಕ್ಸ್‌ಫರ್ಡ್ ಎರಡರಲ್ಲೂ ಪ್ರಾಧ್ಯಾಪಕರಾದರು. ಅವರೊಡನೆ ಹೆಗಲೆಣೆಯಾಗಿ ದುಡಿದ ಥಾಯ್ ವೈದ್ಯರಲ್ಲಿ ಸೊರ್ನ್‌ಚಾಯ್ ಲೂರಿಸುವನ್ ಪ್ರಮುಖರು. ಮುಂದೆ ಅವರೇ ಆ ವಿಭಾಗದ ಡೀನ್ ಆದರು.

ಇವರ ಆರಂಭದ ಕೆಲಸ ನಡೆದದ್ದು ಕಾಂಬೋಡಿಯಾದ ಗಡಿಗೆ ಸಮೀಪದ ಚಾಂತಬುರಿ ಪ್ರಾಂತ್ಯದ ಆಸ್ಪತ್ರೆಯಲ್ಲಿ. ಫಾಲ್ಸಿಪೇರಮ್ ಮಲೇರಿಯಾ ಮಿದುಳಿಗೆ ಏರಿ ಪ್ರಜ್ಞೆ ತಪ್ಪಿದವರಿಗೆ ಆಗ ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ಕೊಡುವ ರೂಢಿಯಿತ್ತು. ಮಿದುಳಿನ ಬಾವು ಇಳಿಯುವುದೆಂಬುದು ಅದರ ಹಿಂದಿನ ತರ್ಕ. ಈ ತಂಡವು 100 ರೋಗಿಗಳಲ್ಲಿ ಅದನ್ನು ಪರೀಕ್ಷಿಸಿ 1982ರಲ್ಲಿ ಫಲಿತಾಂಶ ಪ್ರಕಟಿಸಿತು. ಆ ಔಷಧಿ ಜೀವ ಉಳಿಸಲಿಲ್ಲ. ಬದಲಿಗೆ ಪ್ರಜ್ಞೆ ಮರಳುವುದನ್ನು ತಡಮಾಡಿತು, ತೊಡಕುಗಳನ್ನು ಹೆಚ್ಚಿಸಿತು. ಮರುವರ್ಷ ಇನ್ನೊಂದು ಸತ್ಯ ಹೊರಬಂತು. ತೀವ್ರ ಮಲೇರಿಯಾದ ರೋಗಿಗಳಲ್ಲಿ ರಕ್ತದ ಸಕ್ಕರೆ ಅಪಾಯಕರವಾಗಿ ಕುಸಿಯಬಹುದು. ಕ್ವಿನೈನ್ ಔಷಧಿಯೇ ದೇಹದಲ್ಲಿ ಇನ್ಸುಲಿನ್ ಹೆಚ್ಚಿಸಿ ಅದಕ್ಕೆ ಕಾರಣವಾಗಬಲ್ಲುದು. ರೋಗವೇ ಉಲ್ಬಣಿಸಿತೆಂದು ಭಾವಿಸುವಂತಹ ಸ್ಥಿತಿಗೆ ಗ್ಲೂಕೋಸ್ ಎಂಬ ಸುಲಭ ಪರಿಹಾರವಿತ್ತು. ಹಗಲಿರುಳು ವಾರ್ಡಿನಲ್ಲಿದ್ದು ರೋಗಿಯ ಸ್ಥಿತಿಯನ್ನು ಗಳಿಗೆ ಗಳಿಗೆಗೂ ಅಳೆದವರಿಗೆ ಮಾತ್ರ ಕಾಣುವ ಸಂಗತಿಯಿದು.

ಇದರ ಮುಂದಿನ ಫಲ ದೊಡ್ಡದು. ಸಿಂಕೋನಾ ಮರದ ತೊಗಟೆಯಿಂದ ದೊರೆಯುವ ಕ್ವಿನೈನ್ ತಲೆಮಾರುಗಳ ಕಾಲ ತೀವ್ರ ಮಲೇರಿಯಾಕ್ಕೆ ಮುಖ್ಯ ಆಸರೆಯಾಗಿತ್ತು. ಚೀನಾದ ಒಂದು ಮೂಲಿಕೆಯಿಂದ ಆರ್ಟಿಮಿಸಿನಿನ್ ಎಂಬ ಸತ್ವವನ್ನು ಕಂಡುಹಿಡಿದ ತು ಯುಯು ಅವರಿಗೆ 2015ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಆ ಸತ್ವದಿಂದ ಸಿದ್ಧವಾದ ಆರ್ಟಿಸುನೇಟ್ ಚುಚ್ಚುಮದ್ದು ಕ್ವಿನೈನ್‌ಗಿಂತ ಮೇಲೇ ಎಂಬುದನ್ನು ನಿರ್ಣಯಿಸಲು ಒಂದು ಆಸ್ಪತ್ರೆಯ ರೋಗಿಗಳು ಸಾಲುತ್ತಿರಲಿಲ್ಲ. ಬ್ಯಾಂಕಾಕಿನ ಘಟಕವು ಬಾಂಗ್ಲಾದೇಶ, ಮ್ಯಾನ್ಮಾರ್, ಇಂಡೊನೇಷ್ಯಾ ಮತ್ತು ನಮ್ಮ ಭಾರತದ ವೈದ್ಯರನ್ನು ಒಂದುಗೂಡಿಸಿತು. ಭಾರತದಿಂದ ಒಡಿಶಾದ ರೂರ್ಕೆಲಾದ ಇಸ್ಪಾತ್ ಜನರಲ್ ಆಸ್ಪತ್ರೆ ಇದರಲ್ಲಿ ಪಾಲ್ಗೊಂಡಿತು. 2005ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ 1,461 ರೋಗಿಗಳಿದ್ದರು, ಬಹುಪಾಲು ವಯಸ್ಕರು. ಕ್ವಿನೈನ್ ಪಡೆದವರಲ್ಲಿ ನೂರಕ್ಕೆ 22 ಮಂದಿ ತೀರಿಕೊಂಡರೆ, ಆರ್ಟಿಸುನೇಟ್ ಪಡೆದವರಲ್ಲಿ 15 ಮಂದಿ. ಮುಂದೆ ಆಫ್ರಿಕಾದ 9 ದೇಶಗಳಲ್ಲಿ 5,425 ಮಕ್ಕಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲೂ ಮರಣಪ್ರಮಾಣ ಶೇ. 10.9ರಿಂದ ಶೇ. 8.5ಕ್ಕೆ ಇಳಿಯಿತು. ವಿಶ್ವ ಆರೋಗ್ಯ ಸಂಸ್ಥೆ ಇಂದು ತೀವ್ರ ಮಲೇರಿಯಾಕ್ಕೆ ಮೊದಲ ಔಷಧಿಯಾಗಿ ಆರ್ಟಿಸುನೇಟನ್ನೇ ಸೂಚಿಸುತ್ತದೆ.

ಔಷಧಿಯ ಮೂಲ ಚೀನಾ, ಧನಸಹಾಯ ಇಂಗ್ಲೆಂಡ್, ನೆಲೆ ಥಾಯ್ಲೆಂಡ್, ರೋಗಿಗಳು ಹಲವು ದೇಶಗಳವರು. ಇವುಗಳನ್ನು ಹೆಣೆದದ್ದು ಕೇವಲ ಒಪ್ಪಂದದ ಕಾಗದವಲ್ಲ. ಎರಡೂ ಕಡೆಯ ನಂಬಿಕೆ ಗಳಿಸಿ ದಶಕಗಳ ಕಾಲ ಒಂದೆಡೆ ನಿಂತ ಅಧ್ಯಾಪಕರು. ಸ್ಥಳೀಯ ಭಾಷೆ, ರೋಗಿಯ ಬಡತನ, ಆಸ್ಪತ್ರೆಯ ಇತಿಮಿತಿ ತಿಳಿದವರು ಕೇಳುವ ಪ್ರಶ್ನೆಯೇ ಬೇರೆ. ಎಷ್ಟು ದುಬಾರಿ ಯಂತ್ರ ತರಬಹುದು ಎಂಬುದಕ್ಕಿಂತ, ಇರುವ ಸೌಲಭ್ಯದಲ್ಲಿ ಈ ರೋಗಿಯನ್ನು ಹೇಗೆ ಉಳಿಸಬಹುದು ಎಂಬುದೇ ಅವರಿಗೆ ಮುಖ್ಯವಾಗುತ್ತದೆ.

ಆದರೂ ಇಂತಹ ಎಲ್ಲ ಒಪ್ಪಂದಗಳೂ ಸಮಾನವಾಗಿರುವುದಿಲ್ಲ. ಸಿರಿವಂತ ದೇಶದವರು ಬಂದು ರಕ್ತದ ಮಾದರಿಗಳನ್ನು ಒಯ್ದು, ತಮ್ಮ ಹೆಸರಿನಲ್ಲಿ ಪ್ರಬಂಧ ಬರೆದುಕೊಳ್ಳುವ ಪರಿಪಾಠವೂ ಲೋಕದಲ್ಲಿದೆ. ಹಣ ಯಾರದೋ ನಿರ್ಧಾರವೂ ಅವರದೇ ಆದಾಗ ಸಹಯೋಗವೆಂಬ ಮಾತು ಬರಿದಾಗುತ್ತದೆ. ಆದ್ದರಿಂದ ನಾವು ಮೂರು ಪ್ರಶ್ನೆಗಳನ್ನು ಕೇಳಬೇಕೆನ್ನುತ್ತೇವೆ: ಸ್ಥಳೀಯ ತರುಣ ವೈದ್ಯರು ಆ ಕೆಲಸದಿಂದ ಸ್ವತಂತ್ರ ಸಂಶೋಧಕರಾಗಿ ಬೆಳೆದರೇ? ಅಧ್ಯಯನಕ್ಕೆ ಒಳಪಟ್ಟ ಜನರಿಗೆ ಆ ಔಷಧಿ ದೊರೆಯಿತೇ? ವಿದೇಶದ ಪ್ರಾಧ್ಯಾಪಕ ಹೊರಟು ಹೋದ ಮೇಲೂ ಕೆಲಸ ನಿಲ್ಲದೆ ಸಾಗಬಲ್ಲುದೇ? ನಮ್ಮ ನಾಡಿನ ವೈದ್ಯಕೀಯ ಕಾಲೇಜುಗಳು ಹೊರದೇಶದ ವಿಶ್ವವಿದ್ಯಾಲಯಗಳೊಡನೆ ಕೈಜೋಡಿಸುವಾಗಲೂ ಈ ಅಳತೆಗೋಲು ಸಲ್ಲುತ್ತದೆ.

ಇಷ್ಟು ಜನರ ಶ್ರಮ ನಮಗೆ ದಕ್ಕಬೇಕಾದರೆ ನಮ್ಮದೂ ಒಂದು ಕರ್ತವ್ಯವಿದೆ. ಮಂಗಳೂರು ಮೊದಲಾದ ನಮ್ಮ ಊರುಗಳು ಮಲೇರಿಯಾವನ್ನು ಚೆನ್ನಾಗಿ ಬಲ್ಲವು. ಚಳಿಜ್ವರ ಬಂದಾಗ ಅಂಗಡಿಯ ಮಾತ್ರೆ ನುಂಗಿ ಕಾಯುವುದು ಸಲ್ಲದು. ತಡಮಾಡದೆ ರಕ್ತ ಪರೀಕ್ಷೆ ಮಾಡಿಸಬೇಕು. ಮಾತು ತಡವರಿಸುವುದು, ಮಂಪರು, ಸೆಳೆತ, ಉಸಿರಾಟದ ತೊಂದರೆ, ಮೂತ್ರ ಕಡಿಮೆಯಾಗುವುದು, ಕಣ್ಣು ಹಳದಿಯಾಗುವುದು ಕಂಡರೆ ಆ ಕ್ಷಣವೇ ಆಸ್ಪತ್ರೆಗೆ ಸೇರಿಸಬೇಕು. ಗರ್ಭಿಣಿಯರು ಹಾಗೂ ಚಿಕ್ಕ ಮಕ್ಕಳ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಅಗತ್ಯ. ಒಳ್ಳೆಯ ಔಷಧಿ ಇಂದು ಇದೆ. ಆದರೆ ರೋಗಿ ಸಕಾಲದಲ್ಲಿ ಆಸ್ಪತ್ರೆ ಮುಟ್ಟಿದರೆ ಮಾತ್ರ ಅದು ಕೆಲಸಕ್ಕೆ ಬರುತ್ತದೆ.