ಬೇಡಿದವರು ಯಾರು, ತೀರಿಸುವವರು ಯಾರು?

ಪರೀಕ್ಷೆಯ ದಿನ ಬೆಳಿಗ್ಗೆ ಗುಡಿಗಳಲ್ಲಿ ವಿದ್ಯಾರ್ಥಿಗಳ ಸಂಖ್ಯೆ ಸ್ವಲ್ಪ ಹೆಚ್ಚೇ ಇರುತ್ತದೆ. ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು, ಹಣೆಗೆ ವಿಭೂತಿಯನ್ನೋ ಕುಂಕುಮವನ್ನೋ ಹಚ್ಚಿಕೊಂಡು, ಒಂದು ನಿಮಿಷ ಕಣ್ಣು ಮುಚ್ಚಿ ನಿಲ್ಲುತ್ತಾರೆ. ಆ ಒಂದು ನಿಮಿಷದಲ್ಲಿ ಅವರು ಏನನ್ನು ಬೇಡಿಕೊಳ್ಳುತ್ತಾರೆ ಎಂಬುದನ್ನು ಊಹಿಸುವುದು ಕಷ್ಟವಲ್ಲ. ಹೀಗೆ ನಮಗೆ ಬೇಕಾದುದನ್ನು ದೇವರಲ್ಲಿ ಕೇಳುವುದು ಸರಿಯೇ? “ದೇವರನ್ನಲ್ಲದೆ ಇನ್ನಾರನ್ನು ಕೇಳಬೇಕು?” ಎನ್ನುವವರಿದ್ದಾರೆ. “ಕೇಳುವುದು ಭಕ್ತಿಯಲ್ಲ, ವ್ಯಾಪಾರ” ಎನ್ನುವವರೂ ಇದ್ದಾರೆ. ಎರಡು ಮಾತುಗಳಲ್ಲಿಯೂ ಸ್ವಲ್ಪ ಸ್ವಲ್ಪ ನಿಜವಿದೆ. ಯಾವುದು ಎಷ್ಟು ನಿಜ ಎಂಬುದನ್ನು ವಿಚಾರ ಮಾಡೋಣ.

ಈ ವಿಚಾರಕ್ಕೆ ಬೆಳಗಾವಿ ಜಿಲ್ಲೆಯ ಮುನವಳ್ಳಿಯ ಸುತ್ತಲಿನ ಸೀಮೆ ಒಳ್ಳೆಯ ಉದಾಹರಣೆ. ಮಲಪ್ರಭಾ ನದಿಯ ದಂಡೆಯ ಈ ಊರಿನಲ್ಲಿ ಸೇವುಣ ಅರಸರ ಕಾಲದ ಪಂಚಲಿಂಗೇಶ್ವರ ದೇವಾಲಯವಿದೆ. ಅದೇ ತಾಲ್ಲೂಕಿನಲ್ಲಿ ನವಿಲುತೀರ್ಥದ ಅಣೆಕಟ್ಟು ಇದೆ, ಸವದತ್ತಿಯ ಯಲ್ಲಮ್ಮನ ಗುಡ್ಡವಿದೆ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆ ಬಂತೆಂದರೆ ಕರ್ನಾಟಕ ಮತ್ತು ಮಹಾರಾಷ್ಟ್ರದ ಊರೂರುಗಳಿಂದ ಲಕ್ಷಗಟ್ಟಲೆ ಜನ ಬಸ್ಸು, ಟ್ರ್ಯಾಕ್ಟರ್, ಚಕ್ಕಡಿ ಕಟ್ಟಿಕೊಂಡು ಗುಡ್ಡಕ್ಕೆ ಬರುತ್ತಾರೆ. “ಉಧೋ ಉಧೋ” ಎಂಬ ಕೂಗಿನ ಒಳಗೆ ಸಾವಿರಾರು ಬೇಡಿಕೆಗಳಿರುತ್ತವೆ: ಮಳೆ ಬರಲಿ, ಮಗಳ ಮದುವೆಯಾಗಲಿ, ಸಾಲ ತೀರಲಿ, ಮಗುವಿನ ಜ್ವರ ಇಳಿಯಲಿ.

ಇಂಥ ಬೇಡಿಕೆಯೇ ತಪ್ಪು ಎನ್ನುವವರ ಮೊದಲ ವಾದ ಹೀಗಿದೆ. ದೇವರು ಎಲ್ಲವನ್ನೂ ಬಲ್ಲವನಾದರೆ ನಮ್ಮ ಅಗತ್ಯವೂ ಅವನಿಗೆ ಗೊತ್ತಿರುತ್ತದೆ, ಮತ್ತೆ ಹೇಳುವುದೇಕೆ? ಗ್ರೀಸಿನ ಸಾಕ್ರೆಟಿಸ್ ಬಂಗಾರ, ಬೆಳ್ಳಿ, ಅಧಿಕಾರ ಎಂದು ಹೆಸರಿಸಿ ಬೇಡದೆ, ಒಳ್ಳೆಯದನ್ನು ಕೊಡಿ ಎಂದಷ್ಟೇ ಪ್ರಾರ್ಥಿಸುತ್ತಿದ್ದನೆಂದು ಅವನ ಶಿಷ್ಯ ಕ್ಸೆನೊಫೋನ್ ಬರೆದಿದ್ದಾನೆ. ಒಳ್ಳೆಯದು ಯಾವುದೆಂಬುದು ದೇವತೆಗಳಿಗೆ ಚೆನ್ನಾಗಿ ಗೊತ್ತು ಎಂಬುದು ಅವನ ನಂಬಿಕೆಯಾಗಿತ್ತು. ಮಾತು ದೊಡ್ಡದು. ಆದರೆ ಆಸ್ಪತ್ರೆಯ ಬಾಗಿಲಲ್ಲಿ ಕುಳಿತ ತಾಯಿಗೆ ಈ ಮಾತನ್ನು ಹೇಳಲು ನಮಗೆ ಬಾಯಿ ಬರುತ್ತದೆಯೇ? ಆಕೆ ದೇವರಿಗೆ ಸುದ್ದಿ ಮುಟ್ಟಿಸುತ್ತಿಲ್ಲ. ತನ್ನ ಕೈಯಲ್ಲಿ ಇಲ್ಲದ ಒಂದು ಸಂಗತಿಯ ಮುಂದೆ ತನ್ನ ಸಂಕಟವನ್ನು ಇಳಿಸುತ್ತಿದ್ದಾಳೆ. ಭಗವದ್ಗೀತೆಯ ಏಳನೆಯ ಅಧ್ಯಾಯ ನಾಲ್ಕು ಬಗೆಯ ಭಕ್ತರನ್ನು ಹೆಸರಿಸುತ್ತದೆ: ಸಂಕಟದಲ್ಲಿರುವವನು, ತಿಳಿಯಬಯಸುವವನು, ಫಲ ಬಯಸುವವನು, ಜ್ಞಾನಿ. ಜ್ಞಾನಿಗೆ ಅಲ್ಲಿ ಮೇಲಿನ ಸ್ಥಾನವಿದ್ದರೂ ಉಳಿದ ಮೂವರನ್ನು ತಳ್ಳಿಹಾಕಿಲ್ಲ. ಅವರೂ ಉದಾರರೇ ಎಂದಿದೆ. ಹೀಗಾಗಿ ಬೇಡುವುದೇ ಪಾಪವೆಂಬ ಮಾತು ನಿಲ್ಲುವುದಿಲ್ಲ.

ಆದರೆ ಬೇಡಿಕೆಗೆ ಅಳತೆ ಇರಬೇಕಲ್ಲವೇ? ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ಎಂಬ ಶರಣ ದಂಪತಿಗಳಿದ್ದರು. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವುದು ಅವರ ಕಾಯಕ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಾದುದನ್ನು ತಂದಲ್ಲೇ ಸುರಿದು ಬರುವಂತೆ ಲಕ್ಕಮ್ಮ ಹೇಳಿದಳೆಂಬ ಕಥೆ ಪ್ರಸಿದ್ಧವಾಗಿದೆ. ಬಡತನದಲ್ಲಿದ್ದೂ ಆಕೆ ಅಗತ್ಯ ಯಾವುದು, ಆಸೆ ಯಾವುದು ಎಂದು ಗೆರೆ ಎಳೆದಳು. ದೇವರ ಮುಂದೆ ನಿಲ್ಲುವವರಿಗೂ ಈ ಗೆರೆ ಉಪಯೋಗದ್ದು.

ಇನ್ನು ಹರಕೆಯ ವಿಷಯ. ಹರಕೆಯಲ್ಲಿ ಎರಡು ಭಾಗಗಳಿವೆ. ಒಂದು ಬೇಡಿಕೆ, ಇನ್ನೊಂದು, ಅದು ಈಡೇರಿದರೆ ಇಂಥದನ್ನು ಸಲ್ಲಿಸುತ್ತೇನೆ ಎಂದು ಕೊಡುವ ಮಾತು. ಯಲ್ಲಮ್ಮನ ಗುಡ್ಡದಲ್ಲಿ ಭಕ್ತರು ದೀಡ ನಮಸ್ಕಾರ ಹಾಕುತ್ತಾರೆ, ದೇವಿಗೆ ಉಡಿ ತುಂಬುತ್ತಾರೆ, ಅಡಿಗೆ ಮಾಡಿ ಪಡ್ಡಲಗಿ ತುಂಬಿಸಿ ಹಂಚಿ ಉಣ್ಣುತ್ತಾರೆ. ಇಲ್ಲಿ ಬೇಡಿದವರೇ ತೀರಿಸುತ್ತಾರೆ. ಮೈ ನೋಯುವುದು ಅವರದೇ, ಖರ್ಚಾಗುವುದು ಅವರದೇ ಜೋಳ, ಅವರದೇ ಬೆಲ್ಲ. ಇದರಲ್ಲಿ ವ್ಯಾಪಾರದ ವಾಸನೆ ಇದೆ ಎಂದು ಬೇಕಾದರೆ ಟೀಕಿಸಬಹುದು. ಆದರೆ ಅದರಿಂದ ಬೇರೆಯವರಿಗೆ ಅನ್ಯಾಯವಾಗುವುದಿಲ್ಲ.

ಅನ್ಯಾಯ ಶುರುವಾಗುವುದು ಬೇಡುವವರು ಒಬ್ಬರು, ತೀರಿಸುವವರು ಇನ್ನೊಬ್ಬರು ಆದಾಗ. ಇದೇ ಸೀಮೆಯಲ್ಲಿ ಅಂಥ ಹರಕೆಯೂ ಇತ್ತು. ಮನೆಯಲ್ಲಿ ಗಂಡು ಮಗುವಿಲ್ಲ, ರೋಗ ವಾಸಿಯಾಗುತ್ತಿಲ್ಲ, ಮಗಳ ತಲೆಯಲ್ಲಿ ಜಡೆಗಟ್ಟಿದೆ ಎಂಬ ಕಾರಣಗಳಿಗಾಗಿ ಎಳೆಯ ಹೆಣ್ಣುಮಗಳನ್ನು ದೇವಿಗೆ ಬಿಡುತ್ತಿದ್ದರು. ಎಣ್ಣೆ, ಬಾಚಣಿಗೆ ಕಾಣದ ಕೂದಲು ಒಂದಕ್ಕೊಂದು ಅಂಟಿಕೊಂಡರೂ ಅದನ್ನು ದೇವಿಯ ಕರೆ ಎಂದು ತಿಳಿಯುತ್ತಿದ್ದರು. ಮುತ್ತು ಕಟ್ಟಿದ ಮೇಲೆ ಆ ಹುಡುಗಿಗೆ ಮದುವೆಯಿಲ್ಲ. ಅವಳ ಮಕ್ಕಳಿಗೆ ತಂದೆಯ ಹೆಸರಿಲ್ಲ. ಬದುಕು ಉಳ್ಳವರ ಹಂಗಿಗೆ ಬೀಳುತ್ತಿತ್ತು. ಇದಕ್ಕೆ ಬಲಿಯಾದವರಲ್ಲಿ ಹೆಚ್ಚಿನವರು ಬಡ ದಲಿತ ಕುಟುಂಬದವರು ಎಂಬುದನ್ನು ಮರೆಯಬಾರದು. ಹರಕೆಯ ಹಿಂದೆ ಬಡತನವೂ ಜಾತಿಯೂ ನಿಂತಿದ್ದವು.

ಬೆಳಗಾವಿ ಮುಂಬಯಿ ಪ್ರಾಂತ್ಯದಲ್ಲಿದ್ದಾಗಲೇ, 1934ರಲ್ಲಿ, ಇದರ ವಿರುದ್ಧ ಕಾನೂನು ಬಂದಿತ್ತು. ಮುಂದೆ ಕರ್ನಾಟಕ ಸರ್ಕಾರ 1982ರಲ್ಲಿ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆಯನ್ನು ಮಾಡಿತು. ಆದರೂ 1993-94 ಮತ್ತು 2007-08ರ ಸರ್ಕಾರಿ ಸಮೀಕ್ಷೆಗಳಲ್ಲಿ ಒಟ್ಟು 46,660 ಮಹಿಳೆಯರನ್ನು ಗುರುತಿಸಲಾಯಿತು. ಬೆಳಗಾವಿ ಜಿಲ್ಲೆಯ ಸೀತವ್ವ ಜೋಡಟ್ಟಿ ಅವರನ್ನು ದೇವಿಗೆ ಬಿಟ್ಟಾಗ ಅವರಿಗೆ ಏಳು ವರ್ಷ. ಬೆಳೆದ ಮೇಲೆ ಅವರು ತಮ್ಮಂಥ ಮಹಿಳೆಯರನ್ನು ಸಂಘಟಿಸಿ ಈ ಪದ್ಧತಿಯ ವಿರುದ್ಧ ದುಡಿದರು; 2018ರಲ್ಲಿ ಪದ್ಮಶ್ರೀ ಪಡೆದರು. ಅವರು ಮತ್ತು ಅವರ ಸಂಗಾತಿಗಳು ಮನೆಮನೆಗೆ ಹೋಗಿ ಹೇಳಿದ್ದು ದೇವಿಯನ್ನು ಬಿಡಿ ಎಂದಲ್ಲ, ಮಕ್ಕಳನ್ನು ಬಿಡಬೇಡಿ ಎಂದು.

ಬೇಡಿಕೆಗೂ ದುಡಿಮೆಗೂ ಇರುವ ಸಂಬಂಧವನ್ನು ನೋಡಲು ಮತ್ತೆ ಮಲಪ್ರಭೆಯ ದಂಡೆಗೆ ಬರೋಣ. ಮಳೆ ತಡವಾದರೆ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಮಕ್ಕಳು ಗುರ್ಜಿ ಆಡುತ್ತಾರೆ. ಮಣ್ಣಿನ ಗುರ್ಜಿಯನ್ನು ಹಂಚಿನ ಮೇಲಿಟ್ಟು, ಒಬ್ಬ ಹುಡುಗ ತಲೆಯ ಮೇಲೆ ಹೊತ್ತು ಮನೆಮನೆಗೆ ಹೋಗುತ್ತಾನೆ. ಮನೆಯವರು ಅದರ ಮೇಲೆ ನೀರು ಸುರಿದು ಜೋಳವನ್ನೋ ಹಿಟ್ಟನ್ನೋ ಕೊಡುತ್ತಾರೆ. ಕೊನೆಗೆ ಅಡಿಗೆ ಮಾಡಿ ಎಲ್ಲರೂ ಉಣ್ಣುತ್ತಾರೆ. ಇಲ್ಲಿ ಯಾರೂ ತನ್ನ ಹೊಲಕ್ಕೆ ಮಾತ್ರ ಮಳೆ ಕೇಳುವುದಿಲ್ಲ. ಅದೇ ಜನ 1970ರ ದಶಕದ ಹೊತ್ತಿಗೆ ನವಿಲುತೀರ್ಥದ ಅಣೆಕಟ್ಟೆಯ ನೀರನ್ನೂ ಕಂಡರು. ಗುರ್ಜಿ ಆಡಿದವರು ಅಣೆಕಟ್ಟು ಬೇಡ ಎನ್ನಲಿಲ್ಲ. ಅಣೆಕಟ್ಟು ಬಂತೆಂದು ಗುರ್ಜಿಯನ್ನು ಮರೆಯಲೂ ಇಲ್ಲ. 2019ರ ಆಗಸ್ಟ್‌ನಲ್ಲಿ ಜಲಾಶಯ ತುಂಬಿ ಹೊರಬಿಟ್ಟ ನೀರು ಸವದತ್ತಿ, ರಾಮದುರ್ಗ ತಾಲ್ಲೂಕುಗಳ ಊರುಗಳಿಗೆ ನುಗ್ಗಿದಾಗ, ಮಳೆ ಬೇಡಿದ್ದ ಬಾಯಿಗಳೇ ಮಳೆ ನಿಲ್ಲಲಿ ಎಂದು ಬೇಡಿದವು. ನಮಗೆ ಇಂದು ಬೇಕೆನಿಸಿದ್ದೇ ನಾಳೆ ಬೇಡವಾಗಬಹುದು. ಆದ್ದರಿಂದ ಬೇಡುವಾಗ ಸ್ವಲ್ಪ ವಿನಯವಿರಬೇಕು.

ಬೇಡಿದರೆ ಫಲ ಸಿಗುತ್ತದೆಯೇ ಎಂದು ವಿಜ್ಞಾನದ ವಿದ್ಯಾರ್ಥಿಗಳು ಕೇಳಬಹುದು. ಇದನ್ನೂ ಪರೀಕ್ಷಿಸಿದ್ದಾರೆ. ಅಮೆರಿಕದ ಆರು ಆಸ್ಪತ್ರೆಗಳಲ್ಲಿ ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆಗೆ ಒಳಗಾದ 1,802 ರೋಗಿಗಳ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. ಅಪರಿಚಿತರು ಮಾಡಿದ ಪ್ರಾರ್ಥನೆಯಿಂದ ಚೇತರಿಕೆಯಲ್ಲಿ ಲಾಭವೇನೂ ಕಾಣಲಿಲ್ಲ. ತಮಗಾಗಿ ಪ್ರಾರ್ಥನೆ ನಡೆಯುತ್ತಿದೆ ಎಂದು ಖಚಿತವಾಗಿ ಗೊತ್ತಿದ್ದವರಲ್ಲಿ ತೊಂದರೆಗಳು ತುಸು ಹೆಚ್ಚೇ ಕಂಡವು: ಶೇಕಡಾ 59. ಖಚಿತವಾಗಿ ತಿಳಿಯದೆ ಪ್ರಾರ್ಥನೆ ಪಡೆದವರಲ್ಲಿ ಅದು ಶೇಕಡಾ 52. ಇದರಿಂದ ದೇವರಿದ್ದಾನೆಂದೂ ಇಲ್ಲವೆಂದೂ ಸಾಧಿಸಲಾಗದು. ಗುಳಿಗೆಯಂತೆ ಎಣಿಸಿ ಪ್ರಾರ್ಥನೆಯ ಫಲವನ್ನು ನಿರೀಕ್ಷಿಸಬಾರದು ಎಂಬುದಂತೂ ಸ್ಪಷ್ಟ. ಪ್ರಾರ್ಥನೆಯ ಜೊತೆಗೆ ವೈದ್ಯರೂ ಬೇಕು.

ಹಾಗಾದರೆ ಬೇಡುವ ಮುನ್ನ ನಾವು ನಮ್ಮನ್ನೇ ಮೂರು ಪ್ರಶ್ನೆ ಕೇಳಿಕೊಳ್ಳಬಹುದು. ನಾನು ಕೇಳುತ್ತಿರುವುದು ಇನ್ನೊಬ್ಬರ ಕೇಡನ್ನೇ? “ನಾನು ಪಾಸಾಗಲಿ” ಎಂಬುದಕ್ಕೂ “ಅವನು ನಪಾಸಾಗಲಿ” ಎಂಬುದಕ್ಕೂ ಬಹಳ ಅಂತರವಿದೆ. ನಾನು ಮಾಡಬೇಕಾದ ಕೆಲಸವನ್ನು ದೇವರ ಮೇಲೆ ಹಾಕುತ್ತಿದ್ದೇನೆಯೇ? ಓದದ ಪಾಠ ತೆಂಗಿನಕಾಯಿ ಒಡೆದರೆ ತಲೆಗೆ ಹತ್ತುವುದಿಲ್ಲ. ಓದಿದ್ದು ನೆನಪಾಗಲಿ, ಕೈ ನಡುಗದಿರಲಿ ಎಂದು ಬೇಡುವುದು ಬೇರೆ. ಮೂರನೆಯದು ಎಲ್ಲಕ್ಕಿಂತ ಮುಖ್ಯ: ನನ್ನ ಹರಕೆಯನ್ನು ತೀರಿಸುವವರು ಯಾರು?

ಈ ಮೂರಕ್ಕೂ ಸಮಾಧಾನದ ಉತ್ತರ ಸಿಕ್ಕರೆ ಬೇಡಿಕೊಳ್ಳಲು ಸಂಕೋಚಪಡಬೇಕಾಗಿಲ್ಲ. ಮೂರನೆಯದಕ್ಕೆ ಉತ್ತರವಾಗಿ ಬೇರೆಯವರ ಹೆಸರು ಬಂದರೆ, ದೇವರ ಮುಂದೆ ಬಾಯಿ ತೆರೆಯುವ ಮೊದಲು ಆ ವ್ಯಕ್ತಿಯನ್ನು ಕೇಳಬೇಕು. ದೇವಿಗೆ ಬಿಟ್ಟ ಏಳು ವರ್ಷದ ಹುಡುಗಿಯರನ್ನು ಯಾರೂ ಕೇಳಿರಲಿಲ್ಲ.