ದುರ್ಬೀನು ಎಷ್ಟು ಕಿಲೋಮೀಟರ್ ಕಾಣುತ್ತದೆ?

ಸವಳಂಗದ ಕೆರೆ ಏರಿಯ ಮೇಲೆ ದುರ್ಬೀನು ಹಿಡಿದು ನಿಂತರೆ, ಬೈಕ್ ನಿಲ್ಲಿಸಿ ಬರುವವರು ಮೊದಲು ಕೇಳುವುದು ಇದನ್ನೇ: "ಎಷ್ಟು ಕಿಲೋಮೀಟರ್ ಕಾಣ್ತತ್ರೀ ಇದ್ರಾಗೆ?" ದುರ್ಬೀನಿಗೆ ಕಿಲೋಮೀಟರ್ ಲೆಕ್ಕವಿಲ್ಲ. ಬರಿಗಣ್ಣಿಗೇ ಚಂದ್ರ ಕಾಣುತ್ತಾನಲ್ಲ! ದೂರದ್ದನ್ನು ಹತ್ತಿರಕ್ಕೆ ತಂದಂತೆ ತೋರಿಸುವುದಷ್ಟೇ ಅದರ ಕೆಲಸ. ಎಂಟು ಪಟ್ಟಿನದಾದರೆ 80 ಮೀಟರ್ ಆಚೆ ಮುಳುಗೇಳುವ ಗುಳುಮುಳುಕ 10 ಮೀಟರಿನಲ್ಲಿ ಇದ್ದಂತೆ ಕಾಣುತ್ತದೆ.

ಮೈಮೇಲೆ 8×25 ಎಂದು ಬರೆದಿದ್ದರೆ 8 ಅಂದರೆ ಪಟ್ಟು, 25 ಅಂದರೆ ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. ಈ ಎರಡು ಅಂಕಿ ಅರ್ಥವಾದರೆ ಅರ್ಧ ಮೋಸ ಅಲ್ಲಿಗೇ ನಿಲ್ಲುತ್ತದೆ.

ಪಟ್ಟು ಹೆಚ್ಚಿದ್ದಷ್ಟೂ ಒಳ್ಳೆಯದು ಎಂಬುದು ಎಲ್ಲಕ್ಕಿಂತ ಗಟ್ಟಿಯಾಗಿ ಬೇರೂರಿದ ತಪ್ಪು. ಹಕ್ಕಿಯ ಜೊತೆಗೆ ನಿಮ್ಮ ಕೈಯ ನಡುಕವೂ ಅಷ್ಟೇ ಪಟ್ಟು ದೊಡ್ಡದಾಗುತ್ತದೆ. ಹತ್ತು ಪಟ್ಟಿನ ಆಚೆಗೆ ಬರಿ ಕೈಯಲ್ಲಿ ಹಿಡಿದು ನೋಡುವುದು ಕಷ್ಟ. ನೋಟದ ಅಗಲವೂ ಕುಗ್ಗುತ್ತದೆ. ತಂತಿಯ ಮೇಲಿಂದ ಚಿಮ್ಮಿ ನೊಣ ಹಿಡಿದು ಮರಳುವ ಕಳ್ಳಿಪೀರವನ್ನು ಅಷ್ಟು ಕಿರಿದಾದ ಕಿಂಡಿಯಲ್ಲಿ ಹುಡುಕುವಷ್ಟರಲ್ಲಿ ಅದು ಹೋಗಿರುತ್ತದೆ. ಬೇಸಿಗೆಯ ಮಧ್ಯಾಹ್ನ ಉತ್ತ ಹೊಲದ ಮೇಲೆ ಕುಣಿಯುವ ಝಳವನ್ನೂ ಹೆಚ್ಚು ಪಟ್ಟಿನ ದುರ್ಬೀನು ಹೆಚ್ಚಿಸಿಯೇ ತೋರಿಸುತ್ತದೆ. ಪಕ್ಷಿವೀಕ್ಷಕರು ಎಂಟಕ್ಕೆ ಅಂಟಿಕೊಂಡಿರುವುದು ಸುಮ್ಮನೆ ಅಲ್ಲ.

ಈ ಮಾತು ನನಗೆ ಕಲಿಸಿದ್ದು ನಾನೇ ತರಿಸಿಕೊಂಡ ಒಂದು ಅಗ್ಗದ ದುರ್ಬೀನು. ಮೇಲೆ 30×60 ಎಂದಿತ್ತು, ಅಂಗಿ ಜೇಬಿಗೆ ಹಿಡಿಸುತ್ತಿತ್ತು. ಮಗಳ ಕಂಪಾಸ್ ಪೆಟ್ಟಿಗೆಯ ಸ್ಕೇಲ್ ತೆಗೆದು ಮುಂದಿನ ಗಾಜಿಗೆ ಇಟ್ಟೆ: 60 ಮಿಲಿಮೀಟರ್ ಎಲ್ಲಿ ಬಂತು, 24 ಇತ್ತು. ಆಮೇಲೆ ಆಕಾಶದ ಕಡೆ ತಿರುಗಿಸಿ ಒಂದು ತೋಳು ದೂರ ಹಿಡಿದೆ. ಕಣ್ಣಿಡುವ ಗಾಜಿನ ನಡುವೆ ಬೆಳಕಿನ ಸಣ್ಣ ಬಿಲ್ಲೆಯೊಂದು ಕಾಣುತ್ತದೆ. ಅದನ್ನು ಅಳೆದರೆ ಸುಮಾರು 3 ಮಿಲಿಮೀಟರ್. ಗಾಜಿನ ಅಗಲವನ್ನು ಬಿಲ್ಲೆಯ ಅಗಲದಿಂದ ಭಾಗಿಸಿದರೆ ಪಟ್ಟು ಸಿಗುತ್ತದೆ. 24ನ್ನು 3ರಿಂದ ಭಾಗಿಸಿದರೆ ಎಂಟು! ಮೂವತ್ತು ಪಟ್ಟು ಬರೀ ಬರಹದಲ್ಲಿತ್ತು. ಈ ಪರೀಕ್ಷೆಗೆ ಐದು ರೂಪಾಯಿಯ ಸ್ಕೇಲ್ ಸಾಕು, ದಯವಿಟ್ಟು ಮಾಡಿ ನೋಡಿ. ಬಿಲ್ಲೆ ದುಂಡಗೆ, ಅಂಚಿನವರೆಗೂ ಬೆಳ್ಳಗಿದ್ದರೆ ಒಳಗಿನ ಪಟ್ಟಕ (ಪ್ರಿಸಂ) ಒಳ್ಳೆಯದು. ಚೌಕಾಕಾರವಾಗಿ, ಅಂಚು ಮಬ್ಬಾಗಿದ್ದರೆ ಪಟ್ಟಕದಲ್ಲಿ ಉಳಿತಾಯ ಮಾಡಿದ್ದಾರೆ ಎಂದರ್ಥ.

ಅದೇ ಬಿಲ್ಲೆ ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಬಿಡಿಸುತ್ತದೆ: ಚಿಕ್ಕ ದುರ್ಬೀನು ಯಾವಾಗಲೂ ಮಬ್ಬು ಎಂಬುದನ್ನು. ಬಿಸಿಲಿನಲ್ಲಿ ನಮ್ಮ ಕಣ್ಣಿನ ಪಾಪೆ 2ರಿಂದ 3 ಮಿಲಿಮೀಟರಿಗೆ ಕುಗ್ಗಿರುತ್ತದೆ. 8×25 ಕೊಡುವ ಬಿಲ್ಲೆ 3.1 ಮಿಲಿಮೀಟರ್, ಅಷ್ಟು ಸಾಕು. ದೊಡ್ಡ 8×42 ಕೊಡುವ 5.25ರಲ್ಲಿ ಹೆಚ್ಚಿನ ಬೆಳಕು ಪಾಪೆಯ ಹೊರಗೇ ಉಳಿಯುತ್ತದೆ. ಹೊತ್ತು ಮುಳುಗುವಾಗ ಮಾತ್ರ ಲೆಕ್ಕ ಬದಲಾಗುತ್ತದೆ. ಒಂದು ಸಂಜೆ ಎರಡನ್ನೂ ಏರಿಯ ಮೇಲೆ ಇಟ್ಟುಕೊಂಡು ಜೊಂಡಿನೊಳಗಿನ ಜಂಬುಕೋಳಿಯನ್ನು ನೋಡುತ್ತಾ ಕೂತೆ. ಆರು ಗಂಟೆಗೆ ಎರಡರಲ್ಲೂ ನೇರಳೆ ಬಣ್ಣ ಒಂದೇ ಥರ ಹೊಳೆಯುತ್ತಿತ್ತು. ಕತ್ತಲು ಕವಿಯುತ್ತಾ ಬಂದಂತೆ ಚಿಕ್ಕದರಲ್ಲಿ ಅದು ಕಪ್ಪು ಆಕಾರವಾಯಿತು. ದೊಡ್ಡದರಲ್ಲಿ ಕೆಂಪು ಕೊಕ್ಕು ಇನ್ನೂ ಕೆಂಪಾಗಿಯೇ ಇತ್ತು. ಜಗಳೂರಿನ ರಂಗಯ್ಯನದುರ್ಗದ ಕೊಂಡುಕುರಿ ಕಾಡಿನ ಕಡೆ ನಸುಕಿನಲ್ಲಿ ಹೋಗುವವರಿಗೆ ದೊಡ್ಡ ಗಾಜು ಬೇಕು. ತೋಟಕ್ಕೆ ಹೋಗುವ ದಾರಿಯಲ್ಲಿ, ಬೆಳಿಗ್ಗೆ ಎಂಟರ ಬಿಸಿಲಿನಲ್ಲಿ ನೀಲಕಂಠ ನೋಡುವವರಿಗೆ ಜೇಬಿನದೇ ಸಾಕು. ಎರಡಕ್ಕೂ ಒಂದೇ ಬೇಕೆಂದರೆ ಅರ್ಧ ಕಿಲೋ ಆಸುಪಾಸಿನ 8×32 ಕೊಳ್ಳಿ, ನನ್ನ ತೀರ್ಮಾನ ಅದು.

ಜೂಮ್ ಇರುವ ದುರ್ಬೀನು, ಕೆಂಪಗೆ ಮಿನುಗುವ ಗಾಜು, "ರಾತ್ರಿಯೂ ಕಾಣುತ್ತದೆ" ಎಂಬ ಬರಹ: ಕಡಿಮೆ ಬೆಲೆಯಲ್ಲಿ ಈ ಮೂರನ್ನೂ ಬಿಡಿ. ಕೆಂಪು ಲೇಪ ಕೆಂಪು ಬೆಳಕನ್ನು ಹಿಂದಕ್ಕೆ ಕಳಿಸುತ್ತದೆ, ಹಕ್ಕಿಯ ನಿಜ ಬಣ್ಣ ಕೆಡುತ್ತದೆ.

ನೇರ ಕೊಳವೆಯದು ನೋಡಲು ಚೆಂದ, ಹಾಗಾಗಿ ಅದೇ ಹೊಸದು, ಅದೇ ಮೇಲು ಎಂದುಕೊಳ್ಳುತ್ತಾರೆ. ಭುಜ ಉಬ್ಬಿದ ಹಳೆಯ ಆಕಾರದ್ದು ಪೊರೊ. ಇಟಲಿಯ ಇಗ್ನಾಜಿಯೊ ಪೊರೊ 1854ರಲ್ಲಿ ಪೇಟೆಂಟ್ ಪಡೆದ ವಿನ್ಯಾಸ. ನೇರ ಕೊಳವೆಯಲ್ಲಿ ಚಿತ್ರ ತಿಳಿಯಾಗಬೇಕಾದರೆ ಪಟ್ಟಕಕ್ಕೆ ದುಬಾರಿ ಲೇಪಗಳು ಬೇಕು, ಪೊರೊಗೆ ಬೇಡ. ಆದ್ದರಿಂದ ಕೈಯಲ್ಲಿ ಕಡಿಮೆ ದುಡ್ಡಿದ್ದರೆ ಅದೇ ಬೆಲೆಗೆ ಪೊರೊ ಹೆಚ್ಚು ಸ್ಪಷ್ಟ.

ಕನ್ನಡಕ ಹಾಕಿದವರಿಗೆ ದುರ್ಬೀನು ಆಗಿಬರುವುದಿಲ್ಲ ಎಂದು ಕೈಬಿಟ್ಟವರನ್ನು ಕಂಡಿದ್ದೇನೆ. ಕಣ್ಣಿನ ಕಡೆಯ ರಬ್ಬರನ್ನು ಮಡಿಸಿ ಅಥವಾ ಕೆಳಗೆ ತಿರುಗಿಸಿ, ಕನ್ನಡಕದ ಮೇಲೇ ಇಟ್ಟು ನೋಡಿ. ಕೊಳ್ಳುವಾಗ ಕಣ್ಣಿನ ಅಂತರ (ಐ ರಿಲೀಫ್), ಅಂದರೆ ಕಣ್ಣಿಡುವ ಗಾಜಿನಿಂದ ಕಣ್ಣು ಎಷ್ಟು ದೂರವಿದ್ದರೂ ಪೂರ್ತಿ ನೋಟ ಸಿಗುತ್ತದೆ ಎಂಬುದು, 15 ಮಿಲಿಮೀಟರಿಗಿಂತ ಹೆಚ್ಚಿದೆಯೇ ಎಂದು ಕೇಳಿ.

"ತಗಂಡಿದ್ದೇ ಮಬ್ಬೈತಿ" ಎಂದು ಮೂಲೆಗೆಸೆದ ಎಷ್ಟೋ ದುರ್ಬೀನುಗಳು ಕೆಟ್ಟೇ ಇರುವುದಿಲ್ಲ. ಎರಡು ಕಣ್ಣಿನ ಶಕ್ತಿ ಒಂದೇ ಇರುವುದು ಅಪರೂಪ. ಮುಂದಿನ ಬಲಗಾಜನ್ನು ಅಂಗೈಯಿಂದ ಮುಚ್ಚಿ, ನಡುವಿನ ಚಕ್ರ ತಿರುಗಿಸಿ ಎಡಗಣ್ಣಿಗೆ ಒಂದು ಎಲೆಯನ್ನು ಸ್ಪಷ್ಟ ಮಾಡಿಕೊಳ್ಳಿ. ಆಮೇಲೆ ಎಡಗಾಜು ಮುಚ್ಚಿ, ಚಕ್ರ ಮುಟ್ಟದೆ, ಬಲಗಣ್ಣಿನ ಬಳೆಯನ್ನಷ್ಟೇ ತಿರುಗಿಸಿ ಅದೇ ಎಲೆಯನ್ನು ಸ್ಪಷ್ಟ ಮಾಡಿ. ಆ ಗುರುತು ನಿಮ್ಮದು, ನೆನಪಿಡಿ.

ನಮ್ಮ ಕಡೆಯ ಮಳೆಗಾಲದಲ್ಲಿ ಗಾಜಿಗೆ ಬೂಷ್ಟು ಹಿಡಿಯುತ್ತದೆ. ಚೀಲದಲ್ಲೇ ಬಿಡದೆ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ.

ಮಕ್ಕಳ ಕೈಗೆ ಕೊಡಿ, ಸೂಳೆಕೆರೆಗೂ ಕರೆದುಕೊಂಡು ಹೋಗಿ. ಕೊಡುವ ಮುಂಚೆ ಒಂದು ಮಾತು ಕಡ್ಡಾಯವಾಗಿ ಹೇಳಿ: ದುರ್ಬೀನಿನಲ್ಲಿ ಸೂರ್ಯನನ್ನು ಒಂದು ಕ್ಷಣವೂ ನೋಡಕೂಡದು, ಕಣ್ಣು ಶಾಶ್ವತವಾಗಿ ಹೋಗುತ್ತದೆ.