ಹನ್ನೊಂದನೆಯ ದಿನದ ಲೆಕ್ಕ

ಅಪ್ಪ ತೀರಿಕೊಂಡ ಮೂರನೆಯ ದಿನ, ಹಾಲು-ತುಪ್ಪ ಬಿಟ್ಟು ಬಂದ ಮೇಲೆ, ತೆರಕಣಾಂಬಿಯ ಆಚೆಗಿರುವ ನಮ್ಮೂರಿನ ಮನೆಯ ಪಡಸಾಲೆಯಲ್ಲಿ ಅಣ್ಣ ಒಂದು ನೋಟ್‌ಬುಕ್ ಹಿಡಿದು ಕುಳಿತಿದ್ದ. ಮೊದಲ ಪುಟದಲ್ಲಿ ಅಡುಗೆಯವರ ಲೆಕ್ಕ, ಎರಡನೆಯದರಲ್ಲಿ ಶಾಮಿಯಾನ, ಮೂರನೆಯದರಲ್ಲಿ ಫ್ಲೆಕ್ಸ್. ನಾಲ್ಕನೆಯ ಪುಟದಿಂದಾಚೆಗೆ ಕರೆಯಬೇಕಾದವರ ಹೆಸರುಗಳು. ‘ಇಷ್ಟೆಲ್ಲ ಬರೆದಿದ್ದೀಯೆ, ಇದರಲ್ಲಿ ಅಪ್ಪ ಎಲ್ಲಿದ್ದಾರೆ?’ ಎಂದು ಚುಚ್ಚಿದೆ. ಹಾಗೆ ಚುಚ್ಚಿದ ನನ್ನ ಕಿಸೆಯಲ್ಲಿಯೂ ಒಂದು ಪಟ್ಟಿ ಇತ್ತು: ಚಾಮರಾಜನಗರದಲ್ಲೊಂದು ಸಭಾಂಗಣ, ನುಡಿನಮನ, ಐವರು ಭಾಷಣಕಾರರು, ಕೊನೆಯಲ್ಲಿ ಕಾಫಿ. ಅದರಲ್ಲಿಯೂ ಅಪ್ಪ ಇರಲಿಲ್ಲ ಎಂಬುದು ಹೊಳೆಯಲು ನನಗೆ ಮತ್ತೆರಡು ದಿನ ಬೇಕಾದವು.

ಅಪ್ಪ ಪ್ರಾಥಮಿಕ ಶಾಲೆಯ ಮೇಷ್ಟರು. ಗುಂಡ್ಲುಪೇಟೆ ಮತ್ತು ಚಾಮರಾಜನಗರ ತಾಲ್ಲೂಕುಗಳ ಹಳ್ಳಿಗಳಲ್ಲಿಯೇ ಅವರ ಸೇವೆಯೆಲ್ಲ ಮುಗಿಯಿತು. ಕೊನೆಯ ಆರು ವರ್ಷ ಚಾಮರಾಜನಗರದ ನನ್ನ ಮನೆಯಲ್ಲಿದ್ದರು. ಅಲ್ಲಿಯೇ ಒಂದು ಸಂಜೆ ಹೋದರು. ಸುಮಾರು 35 ಕಿಲೋಮೀಟರ್ ದೂರದ ಗುಂಡ್ಲುಪೇಟೆಯ ರಸ್ತೆಯಲ್ಲಿ ಅದೇ ರಾತ್ರಿ ಅವರನ್ನು ಊರಿಗೆ ಕೊಂಡೊಯ್ದೆವು. ಸುಲ್ತಾನ್ ಬತ್ತೇರಿಯಲ್ಲಿರುವ ಅತ್ತೆ ಮಾತ್ರ ಬೆಳಗಿನವರೆಗೂ ಮುತ್ತಂಗದ ಚೆಕ್‌ಪೋಸ್ಟಿನಲ್ಲಿಯೇ ಕುಳಿತಿರಬೇಕಾಯಿತು. ಬಂಡೀಪುರದ ಕಾಡಿನೊಳಗೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿರುವುದು 2009ರಿಂದ. ಆನೆಗಳ ಪಾಲಿಗೆ ಅದು ಒಳ್ಳೆಯ ನಿಯಮವೆಂದು ಅಪ್ಪನೇ ವಾದಿಸುತ್ತಿದ್ದರು. ಅತ್ತೆ ಬಂದವರೇ, ‘ಅವನ ಮಾತು ಅವನಿಗೇ ತಿರುಗಿತು ನೋಡು’ ಎಂದು ಅಳುತ್ತಲೇ ನಕ್ಕರು. ಆ ಮೂರು ದಿನಗಳಲ್ಲಿ ಅಪ್ಪನ ಬಗ್ಗೆ ಯಾರಾದರೂ ಆಡಿದ ನಿಜವಾದ ಮಾತು ಅದೊಂದೇ ಇರಬೇಕು.

ಅಣ್ಣನ ವಾದವನ್ನು ತಳ್ಳಿಹಾಕುವುದು ನಗರದಲ್ಲಿ ಕುಳಿತವರಿಗೆ ಸುಲಭ. ‘ನಲವತ್ತು ವರ್ಷ ಎಂಟೂರಿನ ತಿಥಿಗಳಲ್ಲಿ ಉಂಡಿದ್ದೇವೆ. ನಮ್ಮ ಸರದಿ ಬಂದಾಗ ಸರಳತೆಯ ಮಾತಾಡಿದರೆ ಜನ ಏನೆಂದಾರು?’ ಇದರಲ್ಲಿ ಒಣ ಪ್ರತಿಷ್ಠೆಯಷ್ಟೇ ಇಲ್ಲ, ಹಳ್ಳಿಯ ಋಣಾನುಬಂಧದ ಲೆಕ್ಕವೂ ಇದೆ. ಆದರೆ ಆ ಲೆಕ್ಕ ತೀರಿಸಲು ಅವನು ಹೊರಟಿದ್ದುದು ಇನ್ನೂ ಗೊನೆ ಬಿಡದ ಬಾಳೆತೋಟದ ಮೇಲೆ ವ್ಯಾಪಾರಿಯಿಂದ ಮುಂಗಡ ತಂದು. ಬಾಳೆಯ ಬೆಲೆಯನ್ನಾಗಲಿ ಅರಿಸಿನದ ಬೆಲೆಯನ್ನಾಗಲಿ ನಂಬಿ ಕೆಟ್ಟವರು ನಮ್ಮ ತಾಲ್ಲೂಕಿನಲ್ಲಿ ಹೊಸಬರಲ್ಲ. ಹತ್ತು ರೂಪಾಯಿಯನ್ನೂ ಸಾಲ ಮಾಡದ ಮನುಷ್ಯನ ಹೆಸರಿನಲ್ಲಿ ಸಾಲ! ರಾಮ್ ರೆಡ್ಡಿಯವರ ‘ತಿಥಿ’ ಚಲನಚಿತ್ರ 2015ರಲ್ಲಿ ಲೊಕಾರ್ನೊ ಉತ್ಸವದಲ್ಲಿ ಪ್ರಶಸ್ತಿ ಪಡೆದಾಗ ನಾವೆಲ್ಲ ಮೆಚ್ಚಿ ನಕ್ಕಿದ್ದೆವು. ನೂರೊಂದು ವರ್ಷದ ಅಜ್ಜ ಸತ್ತು ಹನ್ನೊಂದನೆಯ ದಿನ ಬರುವುದರೊಳಗೆ ಮನೆಮಂದಿ ಬೀಳುವ ಪಾಡು ಮಂಡ್ಯ ಸೀಮೆಯದೆಂದು ಭಾವಿಸಿದ್ದೆವು. ನಮ್ಮ ಪಡಸಾಲೆಗೂ ಅದು ಬಂದು ಕೂತಿತ್ತು.

ನನ್ನ ಪಟ್ಟಿಯನ್ನು ಹರಿದವರು ಅಮ್ಮ. ಐವರು ಭಾಷಣಕಾರರ ಹೆಸರನ್ನು ಓದಿಸಿಕೊಂಡು, ‘ಇವರಲ್ಲಿ ಯಾರು ಅವರ ಜೊತೆ ಕೂತು ಒಂದು ಲೋಟ ಮಜ್ಜಿಗೆ ಕುಡಿದಿದ್ದಾರೆ?’ ಎಂದು ಕೇಳಿದರು. ಒಬ್ಬರೂ ಇಲ್ಲ. ಇಬ್ಬರು ನನ್ನ ಪರಿಚಯದವರು, ಒಬ್ಬರು ಜನಪ್ರತಿನಿಧಿ, ಉಳಿದಿಬ್ಬರು ಒಳ್ಳೆಯ ಮಾತುಗಾರರು. ಸಾಹಿತಿಗಳಿಂದ ಹಿಡಿದು ಸಹಕಾರ ಸಂಘದ ನಿರ್ದೇಶಕರವರೆಗೆ ಎಲ್ಲರ ನುಡಿನಮನಗಳೂ ಒಂದೇ ಅಚ್ಚಿನಲ್ಲಿ ಎರಕಗೊಂಡಂತೆ ಇರುವುದನ್ನು ನೀವೂ ಗಮನಿಸಿರಬಹುದು. ‘ತುಂಬಲಾರದ ನಷ್ಟ’ ಎಂಬ ಮಾತು ಬಂದೊಡನೆ ಕಾಫಿಗೆ ಹೆಚ್ಚು ಹೊತ್ತಿಲ್ಲವೆಂದು ಸಭಿಕರು ಅರಿಯುತ್ತಾರೆ.

ಐದನೆಯ ದಿನ ಪಿಂಚಣಿ ಪಾಸ್‌ಬುಕ್ ಹುಡುಕುತ್ತಿದ್ದಾಗ ಅದರ ನಡುವೆ ಒಂದು ಚೀಟಿ ಸಿಕ್ಕಿತು. ಅಪ್ಪನ ನೇತ್ರದಾನದ ಪ್ರತಿಜ್ಞಾಪತ್ರ. ನಮ್ಮ ಸೀಮೆಯಲ್ಲಿ ಇದು ಕೇಳರಿಯದ ಸಂಗತಿಯೇನಲ್ಲ. ಚಾಮರಾಜನಗರದಿಂದ ತಾಳವಾಡಿಯ ಕಡೆಗೆ ಹೋದರೆ ಸಿಗುವ ಗಾಜನೂರಿನ ಡಾ. ರಾಜಕುಮಾರ್ 2006ರ ಏಪ್ರಿಲ್ 12ರಂದು ತೀರಿಕೊಂಡಾಗ ಅವರ ಕಣ್ಣುಗಳನ್ನು ದಾನ ಮಾಡಲಾಯಿತು. 2021ರ ಅಕ್ಟೋಬರ್ 29ರಂದು ಪುನೀತ್ ಹೋದಾಗಲೂ ಹಾಗೆಯೇ; ಆ ಎರಡು ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂತು. ಅಪ್ಪ ಸಹಿ ಹಾಕಿದ್ದುದು ಪುನೀತ್ ತೀರಿಕೊಂಡ ಮರುತಿಂಗಳು. ಸಾವು ಸಂಭವಿಸಿದ ಆರು ಗಂಟೆಯೊಳಗಾಗಿ ಕಣ್ಣಿನ ಕಾರ್ನಿಯಾವನ್ನು ತೆಗೆಯಬೇಕು. ಒಂದು ದೂರವಾಣಿ ಕರೆ ಸಾಕಿತ್ತು. ಆ ಆರು ಗಂಟೆಗಳಲ್ಲಿ ನಾವು ಬಂಧುಗಳಿಗೆ ಹೇಳಿಕಳುಹಿಸುವುದರಲ್ಲಿ, ಹೂವು ತರಿಸುವುದರಲ್ಲಿ ಮುಳುಗಿದ್ದೆವು. ಅವರು ತಮ್ಮ ಬದುಕಿಗೆ ತಾವೇ ಯೋಜಿಸಿಟ್ಟಿದ್ದ ಸಮಾರಂಭ ಅದೊಂದೇ. ಅದನ್ನು ನಾವು ಕಳೆದೆವು. ಕಳೆದದ್ದು ನಾನು ಎನ್ನುವುದೇ ಸರಿ. ಚೀಟಿ ಇದ್ದದ್ದು ನನ್ನ ಮನೆಯ ಬೀರುವಿನಲ್ಲಿ.

ಆ ಸಂಜೆ ಅಣ್ಣನೂ ನಾನೂ ಜಗಳವಾಡಲಿಲ್ಲ. ಗಿರೀಶ ಕಾರ್ನಾಡರು 2019ರ ಜೂನ್‌ನಲ್ಲಿ ತೀರಿಕೊಂಡಾಗ ಅವರ ಇಚ್ಛೆಯಂತೆ ವಿಧಿಗಳೂ ಇಲ್ಲದೆ, ಸರ್ಕಾರಿ ಗೌರವವೂ ಇಲ್ಲದೆ ಅಂತ್ಯಕ್ರಿಯೆ ನಡೆದದ್ದನ್ನು ನಾನು ಹೇಳಹೊರಟೆ. ‘ಅವರ ಮನೆಯವರಿಗೆ ಅವರ ಇಚ್ಛೆ ಗೊತ್ತಿತ್ತು’ ಎಂದಷ್ಟೇ ಅಣ್ಣ ಹೇಳಿದ. ಅಪ್ಪ ಬೇರೇನನ್ನಾದರೂ ಹೇಳಿದ್ದರೇ ಎಂದು ಎಲ್ಲರೂ ನೆನಪುಗಳನ್ನು ಕೆದಕತೊಡಗಿದೆವು. ಅಮ್ಮನಿಗೆ ಹೊಳೆಯಿತು: ಒಮ್ಮೆ ಚಿಕ್ಕಲ್ಲೂರಿನ ಜಾತ್ರೆಯಿಂದ ಬಂದಾಗ, ‘ನನಗೂ ಒಂದು ರಾತ್ರಿ ತಂಬೂರಿ ಹಾಡಿಸಿ’ ಎಂದಿದ್ದರಂತೆ.

ಹಳೆ ಮೈಸೂರಿನ ಈ ಭಾಗವನ್ನು ಬಲ್ಲವರಿಗೆ ತಂಬೂರಿಯವರೆಂದರೆ ಯಾರೆಂದು ವಿವರಿಸಬೇಕಾಗಿಲ್ಲ. ಮಂಟೇಸ್ವಾಮಿಯ ಒಕ್ಕಲಾದ ನೀಲಗಾರರು ತಂಬೂರಿ, ದಮ್ಮಡಿ, ತಾಳ ಹಿಡಿದು ಇರುಳಿಡೀ ಮಂಟೇಸ್ವಾಮಿ, ರಾಚಪ್ಪಾಜಿ, ಸಿದ್ದಪ್ಪಾಜಿಯರ ಕಥೆಯನ್ನು ಸಾಲು ಸಾಲಾಗಿ ಹಾಡುತ್ತಾರೆ. ಹಲವು ಜಾತಿಗಳಿಂದ ದೀಕ್ಷೆ ಪಡೆದು ಬಂದ ಗಾಯಕರಿವರು. ಜಾತ್ರೆ, ಹಬ್ಬಗಳಿಗಷ್ಟೇ ಅಲ್ಲ, ಸಾವಿನ ಮನೆಗೂ, ತಿಥಿಗೂ ಇವರನ್ನು ಕರೆಸುವ ರೂಢಿ ಇದೆ. ವಿಶ್ವವಿದ್ಯಾಲಯಗಳು ದಪ್ಪ ಸಂಪುಟಗಳಲ್ಲಿ ಅಚ್ಚು ಹಾಕಿಸಿದ ಈ ಮಹಾಕಾವ್ಯ ನಮ್ಮ ಅಂಗಳಕ್ಕೆ ನಡೆದು ಬರುವಷ್ಟು ಹತ್ತಿರದಲ್ಲಿದೆ. ಆದರೂ ದುಃಖದ ಹೊತ್ತಿನಲ್ಲಿ ನನಗೆ ಮೊದಲು ನೆನಪಾದದ್ದು ಬಾಡಿಗೆಯ ಸಭಾಂಗಣ, ಅಣ್ಣನಿಗೆ ಫ್ಲೆಕ್ಸ್. ಓದಿದವರೂ ಉಳ್ಳವರೂ ಮರೆತದ್ದು ಒಂದನ್ನೇ.

ಒಂದು ಮುಜುಗರದ ಸಂಗತಿಯನ್ನು ಮುಚ್ಚಿಡಲಾರೆ. ಗಾಯಕರನ್ನು ಕರೆಸುವುದಕ್ಕೆ ಯಾರದೂ ಅಡ್ಡಿಯಿರಲಿಲ್ಲ. ಅವರು ಎಲ್ಲಿ ಕೂರಬೇಕು, ಎಲ್ಲಿ ಉಣ್ಣಬೇಕು ಎಂಬಲ್ಲಿ ಹಿರಿಯ ಬಂಧುವೊಬ್ಬರು ಗಂಟಲು ಸರಿಮಾಡಿಕೊಂಡರು. ಹಾಡಿಗೆ ಕೈ ಮುಗಿದು, ಊಟಕ್ಕೆ ಜಗಲಿ ತೋರಿಸುವ ಭಕ್ತಿ ನಮ್ಮದು. ‘ಅವರು ಪಾಠ ಮಾಡಿದ ಮಕ್ಕಳು ಪಡಸಾಲೆಯಲ್ಲೇ ಕೂತಿದ್ದರು, ಇವರೂ ಅಲ್ಲೇ ಕೂರಲಿ’ ಎಂದು ಅಮ್ಮ ಅಡುಗೆಮನೆಯಿಂದಲೇ ತೀರ್ಪು ಕೊಟ್ಟರು. ಬಂಧು ಆ ದಿನ ಬಂದರು, ಉಣ್ಣದೆ ಹೋದರು. ಹೋಗಲಿ ಬಿಡಿ.

ಹತ್ತನೆಯ ರಾತ್ರಿ ಹಾಡು ಆರಂಭವಾಯಿತು. ಕೆಂಪಾಚಾರಿ ಮಠಕ್ಕೆ ಹೊರಟು ನಿಲ್ಲುವ, ಹೆತ್ತವರು ಗೋಳಿಡುವ ಸಾಲು ಬಂದಾಗ ಅತ್ತೆ ಗೋಡೆಗೊರಗಿ ಕಣ್ಣು ಮುಚ್ಚಿದರು. ಸಾಲಿಗೂ ಸಾಲಿಗೂ ನಡುವೆ ಗಾಯಕರು ಎಲೆಯಡಿಕೆಗೆ ನಿಲ್ಲಿಸುತ್ತಿದ್ದರು. ಆ ಬಿಡುವಿನಲ್ಲಿ ಬಯಸಿದವರು ಕೂತಲ್ಲಿಂದಲೇ ಅಪ್ಪನ ಬಗ್ಗೆ ಒಂದು ಮಾತು ಹೇಳಲಿ ಎಂದು ನಾವು ತೀರ್ಮಾನಿಸಿದ್ದೆವು. ಮೈಕಿಲ್ಲ, ವೇದಿಕೆಯಿಲ್ಲ, ನಿರೂಪಕರಿಲ್ಲ. ಮೊದಮೊದಲು ಯಾರೂ ಬಾಯಿ ಬಿಡಲಿಲ್ಲ. ಬಳಿಕ ಒಬ್ಬಾಕೆ, ಮೇಷ್ಟರು ತಮ್ಮ ಮನೆಗೆ ಮೂರು ಸಲ ನಡೆದು ಬಂದು ಏಳನೆಯ ತರಗತಿಗೆ ತನ್ನನ್ನು ಉಳಿಸಿದ್ದನ್ನು ಹೇಳಿದಳು. ಇನ್ನೊಬ್ಬ, ಅವರ ಸೈಕಲ್ಲಿನ ಗಾಳಿ ಬಿಟ್ಟದ್ದು ತಾನೇ ಎಂದು ಒಪ್ಪಿಕೊಂಡ.

ಎರಡು ಗಂಟೆ ದಾಟಿದ ಮೇಲೆ ಐವತ್ತರ ಆಸುಪಾಸಿನ ರೈತನೊಬ್ಬ ಮಾತಾಡಿದ. ‘ಮೇಷ್ಟರು ನನ್ನನ್ನು ಬರ್ಲಿನಲ್ಲಿ ಹೊಡೆದರು. ಕದ್ದದ್ದು ನಾನಲ್ಲ. ಮಾರನೆಯ ದಿನದಿಂದ ನಾನು ಶಾಲೆಗೆ ಹೋಗಲಿಲ್ಲ.’ ಪಡಸಾಲೆ ಸ್ತಬ್ಧವಾಯಿತು. ಅಣ್ಣ ಎದ್ದು ನಿಂತ. ನಾನು ಅವನ ಕೈ ಹಿಡಿದೆ. ರೈತ ಮುಂದುವರಿಸಿದ: ‘ಹತ್ತು ವರ್ಷದ ಮೇಲೆ ಅವರಿಗೆ ನಿಜ ತಿಳಿಯಿತು. ಹೊಲಕ್ಕೇ ಬಂದರು, ಬದುವಿನ ಮೇಲೆ ಕೂತರು. ತಪ್ಪಾಯಿತು ಎಂದು ಬಾಯಿಬಿಟ್ಟು ಹೇಳಲಿಲ್ಲ. ನನ್ನ ಮಗಳನ್ನು ಕಾಲೇಜು ಮುಗಿಯುವವರೆಗೆ ಓದಿಸಿದರು. ನನಗೆ ಮಾತ್ರ ಓದು ಬರಲಿಲ್ಲ. ಎರಡೂ ಇರಲಿ ಅಂತ ಹೇಳಿದೆ.’

ಮಗಳಿಗೆ ಓದಿಸಿದ ವಿಷಯ ಅಮ್ಮನಿಗೂ ಗೊತ್ತಿರಲಿಲ್ಲ. ನಾನು ಕರೆಸಲಿದ್ದ ಐವರಲ್ಲಿ ಯಾರಾದರೂ ನನ್ನ ಅಪ್ಪನನ್ನು ಹೀಗೆ ಇಡಿಯಾಗಿ ತಂದು ಎದುರಿಗೆ ಕೂರಿಸಬಲ್ಲವರಾಗಿದ್ದರೇ? ಸತ್ತವರ ಬಗ್ಗೆ ಒಳ್ಳೆಯದನ್ನಷ್ಟೇ ಆಡಬೇಕೆಂಬ ಶಿಷ್ಟಾಚಾರದಿಂದ ಅವರು ನಮ್ಮಿಂದ ಇನ್ನೊಂದು ಸಲ ದೂರವಾಗುತ್ತಾರೆ ಎಂದು ಆ ರಾತ್ರಿ ನನಗೆ ತೋರಿತು. ಅಣ್ಣ ಹೊರಗೆ ಹೋಗಿ ಬಹಳ ಹೊತ್ತು ನಿಂತಿದ್ದ. ಬಂದವನೇ ಆ ರೈತನ ಪಕ್ಕದಲ್ಲಿ ಕುಳಿತ. ತಂಬೂರಿ ಮತ್ತೆ ಮೊದಲಾಯಿತು.

ಹನ್ನೊಂದನೆಯ ದಿನದ ಊಟ ನಮ್ಮ ಊರಿನವರಿಗೂ ಹಾಡಿದವರಿಗೂ ಸೀಮಿತವಾಯಿತು: ಅನ್ನ, ಹುರುಳಿ ಸಾರು, ಪಾಯಸ. ಉಳಿದ ಏಳೂರುಗಳ ಋಣ ಹಾಗೆಯೇ ಇದೆ. ಅಣ್ಣನಿಗೆ ಅದರ ಅಳುಕು ಇನ್ನೂ ಹೋಗಿಲ್ಲ. ಬಾಳೆತೋಟದ ಮೇಲೆ ಮುಂಗಡ ತರಲಿಲ್ಲ. ಫ್ಲೆಕ್ಸ್ ಕಟ್ಟಲಿಲ್ಲ. ಅಣ್ಣನ ನೋಟ್‌ಬುಕ್ಕಿನ ಖಾಲಿ ಹಾಳೆಗಳಲ್ಲಿ ಆ ರಾತ್ರಿಯ ಮಾತುಗಳನ್ನು ನನ್ನ ಮಗಳು ಬರೆದಿಟ್ಟಿದ್ದಾಳೆ, ಬರ್ಲಿನ ಪ್ರಸಂಗವನ್ನೂ ಸೇರಿಸಿ. ನಾವು ನಾಲ್ವರೂ ನೇತ್ರದಾನಕ್ಕೆ ಸಹಿ ಹಾಕಿದ್ದೇವೆ. ಕರೆ ಮಾಡಬೇಕಾದ ಸಂಖ್ಯೆ ಈಗ ಬೀರುವಿನೊಳಗಿಲ್ಲ, ಎರಡೂ ಮನೆಗಳ ಗೋಡೆಯ ಮೇಲಿದೆ.

ಗಾಯಕರನ್ನು ಬೆಳಗಿನ ಬಸ್ಸಿಗೆ ಹತ್ತಿಸಿ ಬಂದಾಗ ಅಮ್ಮ ಜಗಲಿಯಲ್ಲಿ ಕೂತು ಕೊಪ್ಪರಿಗೆ ಬೆಳಗುತ್ತಿದ್ದರು. ‘ನನ್ನದಕ್ಕೂ ಅವರನ್ನೇ ಕರೆಸಿ’ ಎಂದರು. ಸ್ವಲ್ಪ ಹೊತ್ತಿನ ಮೇಲೆ, ‘ಕೆಂಪಾಚಾರಿ ಸಾಲು ಬೇಡ, ಆವತ್ತಿಗೆ ನಿಮ್ಮತ್ತೆ ಇದ್ದರೆ ತಡೆಯೋಲ್ಲ’ ಎಂದು ಸೇರಿಸಿದರು. ನಾನು ಒಳಗೆ ಹೋಗಿ ನೋಟ್‌ಬುಕ್ ತಂದೆ.